ಕ್ಲಾರೆನ್ಸ್ ಹೋಟೆಲಿನ ಒಳಗೆ

ಕ್ಲಾರೆನ್ಸ್ ಹೋಟೆಲನ್ನು ಕೆಡವಲು ಕಾಗದವೆಲ್ಲ ತಯಾರಾಗಿತ್ತು. ಬಾಕಿ ಇದ್ದದ್ದು ಕುಶಲಾ ಶೆಡ್ತಿಯ ಸಹಿ ಒಂದೇ. ಅದನ್ನು ಹಾಕಿಸಿಕೊಂಡು ಹೋಗಲು ತಮ್ಮ ಲೋಕನಾಥ ಶೆಟ್ಟರು ಬೆಳಿಗ್ಗೆಯೇ ಬೋಳಾರದಿಂದ ವಾಮಂಜೂರಿಗೆ ಬಂದಿದ್ದರು. ಅವರದು ಅಳಿಯಸಂತಾನದ ಮನೆತನ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವಂಥದ್ದು. ಯಜಮಾನಿಕೆ ತಮ್ಮನದಾದರೂ ಅಕ್ಕ ಒಪ್ಪದೆ ಒಂದು ಹಂಚನ್ನೂ ಇಳಿಸುವಂತಿರಲಿಲ್ಲ.

ಜಗಲಿಯಲ್ಲಿ ಕುಳಿತು ಕಾಗದವನ್ನು ಆಚೀಚೆ ತಿರುಗಿಸಿದ ಕುಶಲಾ ಕೇಳಿದರು, "ಲೋಕಾ, ಅದರ ಒಳಗೆ ಎಂತೆಲ್ಲ ಉಂಟು?"

"ಎಂತ ಇರ್ತದೆ ಅಕ್ಕ, ಕೋಣೆಗಳು. ಹಂಚಿನ ಮಾಡು ಸೋರ್ತದೆ. ಯುದ್ಧದ ಸಮಯ ಮಿಲಿಟರಿಯವರು ಇದ್ದು ಎಲ್ಲ ಹಾಳು ಮಾಡಿ ಹೋಗಿದ್ದಾರೆ. ಈಗ ದೊರೆಗಳೇ ದೇಶ ಬಿಡುವ ಮಾತು. ಇನ್ನು ಯಾರು ಬಂದು ಉಳಿಯುವುದು? ಮರ ಸಿಗ್ತದೆ ಅಂತ ಉಮರಬ್ಬ ಬ್ಯಾರಿ ಕೇಳಿದ್ದಾರೆ, ಕೊಟ್ಟುಬಿಡುವ."

"ಅದಲ್ಲ ಮಾರಾಯ. ನಾನು ಒಳಗೆ ಹೋಗಿಯೇ ಇಲ್ಲ."

ಮಾತು ನಿಜವಾಗಿತ್ತು.

ಹೋಟೆಲು ಕಟ್ಟಿಸಿದವರು ಅವರ ಸೋದರಮಾವ ಸುಂದರ ಶೆಟ್ಟರು. ಕಾಫಿ ತೋಟದ ದೊರೆಗಳು ಘಟ್ಟ ಇಳಿದು ಬಂದು ಹಡಗಿಗೆ ಕಾಯುವಾಗ ಉಳಿಯಲೆಂದು ಬೋಳಾರದ ಹೊಳೆ ದಡದಲ್ಲಿ ಎಬ್ಬಿಸಿದ ಕಟ್ಟಡ ಅದು. ಅಲ್ಲಿ ಕುಡಿತ ಉಂಟು, ಕುಣಿತ ಉಂಟು, ಮನೆಯ ಹೆಂಗಸರು ಕಾಲಿಡಬಾರದು ಎಂದು ಮಾವ ಕಟ್ಟಪ್ಪಣೆ ಮಾಡಿದ್ದರು. ಸಣ್ಣವಳಿದ್ದಾಗ ಕುಶಲಾ ಉಳ್ಳಾಲದಿಂದ ಮುಸ್ಸಂಜೆ ದೋಣಿಯಲ್ಲಿ ಬರುತ್ತ ಅದರ ಕಿಟಕಿಗಳು ದೀಪದಲ್ಲಿ ಉರಿಯುವುದನ್ನು ಕಂಡಿದ್ದರು. ಗಂಡು ಹೆಣ್ಣು ಕೈ ಹಿಡಿದು ಸುತ್ತುವ ನೆರಳುಗಳು. ತಾಮ್ರದ ಚೆಂಬುಗಳನ್ನು ಸಾಲಾಗಿಟ್ಟು ಮೆಲ್ಲನೆ ಬಡಿದಂಥ ಒಂದು ನಾದ. ಅದೇನೆಂದು ಕೇಳಿದರೆ ತಾಯಿ, ಆಚೆ ತಿರುಗಿ ಕೂತುಕೋ ಎಂದಿದ್ದರು. ಮಾವ ತೀರಿಕೊಂಡರು, ತಾಯಿಯೂ ಹೋದರು, ಹೋಟೆಲಿಗೆ ಇವರೇ ಹಕ್ಕುದಾರರಾದರು. ಅಪ್ಪಣೆಯನ್ನು ಹಿಂತೆಗೆಯಲು ಮಾತ್ರ ಯಾರೂ ಉಳಿದಿರಲಿಲ್ಲ.

"ನೋಡಿದ ಮೇಲೆ ಸಹಿ ಹಾಕ್ತೇನೆ" ಎಂದು ಕುಶಲಾ ಕಾಗದವನ್ನು ವಾಪಸು ಕೊಟ್ಟರು.

ಮರುದಿನ ಅಕ್ಕ ತಮ್ಮನ ಗಾಡಿ ಕುಲಶೇಖರ ದಾಟಿ ಪೇಟೆಗೆ ಇಳಿಯಿತು. ಹೋಟೆಲು ಮುಚ್ಚಿದರೂ ಅಲ್ಲೇ ಉಳಿದಿದ್ದ ಮುದಿ ಬಟ್ಲರ್ ಇಸಿದೋರ್ ಬೀಗದಕೈ ಗೊಂಚಲು ಹಿಡಿದು ಬಾಗಿಲಲ್ಲೇ ನಿಂತಿದ್ದ. ಒಡತಿ ಬರುತ್ತಾರೆಂದು ಹಳೆಯ ಕರಿ ಕೋಟು ತೊಟ್ಟಿದ್ದ. ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತ ಹೋದಂತೆ ಒಳಗೆ ಬೆಳಕು ಬಂತು, ಬೆಳಕಿನ ಹಿಂದೆ ಹೊಳೆಯ ಗಾಳಿ.

ಸ್ನಾನದ ಕೋಣೆಯಲ್ಲಿ ಸಿಂಹದ ಪಾದಗಳಿದ್ದ ಬಿಳಿಯ ತೊಟ್ಟಿಯ ಮುಂದೆ ಕುಶಲಾ ನಿಂತರು. ಊರಲ್ಲಿ ಕ್ರಿಸ್ತುವರನ್ನು ಗೌರವದಿಂದ ಪೊರ್ಬುಗಳೇ ಎನ್ನುವುದು ವಾಡಿಕೆ; ಹಾಗೆಯೇ ಕೇಳಿದರು. "ಇಸಿದೋರ್ ಪೊರ್ಬುಗಳೇ, ಇದರಲ್ಲಿ ಭತ್ತ ನೆನೆಹಾಕುವುದಾ?"

"ಇಲ್ಲ ಅಮ್ಮ, ದೊರೆಗಳೇ ನೆನೆಯುತ್ತಿದ್ದರು."

ಕುಶಲಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಲೋಕನಾಥ ಶೆಟ್ಟರು ಗಡಿಯಾರ ನೋಡಿಕೊಂಡರು.

ದೊಡ್ಡ ಹಾಲಿನ ಮೂಲೆಯಲ್ಲಿ ಗೆದ್ದಲು ಹಿಡಿದ ಪಿಯಾನೋ ಇತ್ತು. ಇಸಿದೋರ್ ಮುಚ್ಚಳ ಎತ್ತಿ ಒಂದು ಕೀ ಒತ್ತಿದ. ಕುಶಲಾ ಹತ್ತಿರ ಬಂದರು. ಆ ನಾದವೇ, ಮುಪ್ಪು ಬಂದದ್ದು. ತಾವೂ ಒಂದು ಬೆರಳಿಟ್ಟು ಒತ್ತಿದರು; ಬರಿಯ ಟಕ್ ಎಂದಿತು. ಪಕ್ಕದ್ದನ್ನು ಒತ್ತಿದರು, ಮತ್ತೂ ಪಕ್ಕದ್ದನ್ನು. ಎಲ್ಲಿ ದನಿ ಉಂಟು, ಎಲ್ಲಿ ಇಲ್ಲ ಎಂದು ತಿಳಿಯುವ ತನಕ ಅಲ್ಲಿಂದ ಕದಲಲಿಲ್ಲ.

ಮೇಲೆ ಹಗ್ಗ ಎಳೆದು ಬೀಸುವ ಬಟ್ಟೆಯ ಪಂಕ ತೂಗುತ್ತಿತ್ತು. ಅದರ ಹಗ್ಗ ಗೋಡೆಯ ತೂತಿನಲ್ಲಿ ಮಾಯವಾಗಿತ್ತು. ಅದೆಲ್ಲಿಗೆ ಹೋಗುತ್ತದೆಂದು ಹುಡುಕುತ್ತ ಕುಶಲಾ ಹಿಂದಿನ ಜಗಲಿಗೆ ಹೋಗಿ ಹಗ್ಗ ಹಿಡಿದು ಎಳೆದರು. ಒಳಗೆ ಲೋಕನಾಥ ಶೆಟ್ಟರ ತಲೆ ಮೇಲೆ ಧೂಳು ಸುರಿದು ಅವರು ಸೀನುವುದು ಕೇಳಿಸಿತು. ಎಳೆಯುವವನು ಕೂರುತ್ತಿದ್ದ ಮೂಲೆಯಲ್ಲಿ ಕುಶಲಾ ತಾವೇ ಕುಕ್ಕುರುಗಾಲಿನಲ್ಲಿ ಕುಳಿತು ನೋಡಿದರು. ಎದುರಿಗೆ ಸುಣ್ಣದ ಗೋಡೆ, ಅಷ್ಟೆ.

"ಇಲ್ಲಿ ಕೂತವನಿಗೆ ಒಳಗಿನದು ಏನೂ ಕಾಣ್ತಿರಲಿಲ್ಲವಾ?"

"ಕಾಣಬಾರದು ಅಂತಲೇ ಗೋಡೆ ಅಮ್ಮ."

ಕುಶಲಾ ಸೆರಗು ಕೊಡವಿಕೊಂಡು ಎದ್ದು ಹಾಲಿಗೆ ಮರಳಿದರು.

ಅಷ್ಟರಲ್ಲಿ ಉಮರಬ್ಬ ಬ್ಯಾರಿ ಬಂದರು. ಮರದ ವ್ಯಾಪಾರದಲ್ಲೇ ತಲೆ ನರೆತವರು. ಹಾಲಿನ ಉದ್ದಕ್ಕೂ ಹಾದ ಸಾಗುವಾನಿ ತೊಲೆಯ ಕೆಳಗೆ ಕತ್ತು ನೋಯುವಷ್ಟು ಹೊತ್ತು ನಿಂತರು. "ಇದು ಒಂದೇ ಮರ ಅಮ್ಮ, ಜೋಡಿಸಿದ್ದಲ್ಲ. ಇದನ್ನು ಮೇಲೆ ಹೇಗೆ ಏರಿಸಿದರು ಅಂತಲೇ ನನಗೆ ಯೋಚನೆ."

"ಕೆಡವಿದರೆ ಗೊತ್ತಾಗ್ತದಾ ಬ್ಯಾರಿಗಳೇ?"

"ಇಳಿಸಿದ್ದು ಗೊತ್ತಾಗ್ತದೆ. ಏರಿಸಿದ್ದು ಗೊತ್ತಾಗುವುದಿಲ್ಲ."

ಹೊರಗೆ ಗೇಟಿನಲ್ಲಿ ಗದ್ದಲ ಕೇಳಿಸಿತು. ಎಂದೂ ತೆರೆಯದ ಮುಂದಿನ ಗೇಟು ತೆರೆದಿದ್ದನ್ನು ಕಂಡು, ಮೀನಿನ ಬುಟ್ಟಿ ಹೊತ್ತ ಹೆಂಗಸರು ದಾರಿಯಲ್ಲೇ ನಿಂತು ಇಣುಕುತ್ತಿದ್ದರು. ಮುಂದಿದ್ದವಳು, ದೇಯಿ ಎಂದು ಅವಳ ಹೆಸರು, ಕೇಳಿದಳು: "ನಾವೂ ಒಂದು ಸಲ ನೋಡಬಹುದಾ ಅಕ್ಕ? ಹುಟ್ಟಿದಾಗಿಂದ ಹೊರಗಿನಿಂದ ಮಾತ್ರ ನೋಡಿದ್ದು."

"ಬುಟ್ಟಿ ಮರದ ಬುಡದಲ್ಲಿಟ್ಟು ಬನ್ನಿ" ಎಂದರು ಕುಶಲಾ. ಆಮೇಲೆ ತಮ್ಮನ ಕಡೆ ತಿರುಗಿ, "ಲೋಕಾ, ಕೆಡವುವ ಮೊದಲು ಒಂದು ಭಾನುವಾರ ಬಾಗಿಲು ತೆರೆದಿಡುವ. ನೋಡಬೇಕು ಅನ್ನುವವರೆಲ್ಲ ಬಂದು ನೋಡಲಿ" ಎಂದರು.

"ನಿನಗೆ ಮರುಳಾ ಅಕ್ಕ?"

"ಇರಬಹುದು. ಒಂದು ಭಾನುವಾರ."

ಆ ಭಾನುವಾರ ಸಾಲು ಮಂಗಳಾದೇವಿಯ ರಸ್ತೆಯವರೆಗೂ ಬೆಳೆಯಿತು. ಪೂಜೆ ಮುಗಿಸಿದ ಕ್ರಿಸ್ತುವರು ಚರ್ಚಿನ ಬಟ್ಟೆಯಲ್ಲೇ ಬಂದರು. ಹಂಚಿನ ಕಾರ್ಖಾನೆಯ ಆಳುಗಳು, ಬಂದರದ ಬ್ಯಾರಿಗಳು, ಹೂ ಕಟ್ಟುವವರು, ಕೂಸು ಎತ್ತಿಕೊಂಡ ತಾಯಂದಿರು ಬಂದರು. ಜನ ಏಣಿಮೆಟ್ಟಿಲಿನ ಕಟಕಟೆ ಸವರಿದರು, ಕನ್ನಡಿಯ ಮುಂದೆ ಸಾಲುಗಟ್ಟಿದರು, ತೊಟ್ಟಿಯೊಳಗೆ ಮಕ್ಕಳನ್ನು ಕೂರಿಸಿದರು. ಕೆಡವುವ ಸುದ್ದಿ ಕೇಳಿ ಕೆಲವರು ಪಿಸುಗುಟ್ಟಿದರು, ಕೆಲವರು ನೇರವಾಗಿ ಲೋಕನಾಥ ಶೆಟ್ಟರನ್ನೇ ಯಾಕೆಂದು ಕೇಳಿದರು. ಬೆಳಿಗ್ಗೆ ಅವರು ಮಾಡು ಸೋರುವ ಕಥೆ ಹೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಕಥೆ ಅವರಿಗೇ ಬೇಸರವಾಗಿತ್ತು.

ಸಂಜೆ ಕುಲಶೇಖರದ ಜೊಕಿಮ್ ಎಂಬವ ಟೊಪ್ಪಿ ಕೈಯಲ್ಲಿ ಹಿಡಿದು ಬಂದ. "ಶೆಟ್ರೇ, ನನ್ನ ಮಗಳು ಡಾಲಿಯ ಮದುವೆ ಉಂಟು. ಈ ಹಾಲು ಒಂದು ದಿನಕ್ಕೆ ಸಿಗಬಹುದಾ?"

ಲೋಕನಾಥ ಶೆಟ್ಟರು ಅಕ್ಕನ ಮುಖ ನೋಡಿದರು. ಅಕ್ಕ ತೊಲೆ ನೋಡುತ್ತಿದ್ದರು. "ಮಾಡು ಸರಿಮಾಡಿಸಬೇಕಾಗ್ತದೆ" ಎಂದು ಶೆಟ್ಟರು ನಿಧಾನವಾಗಿ ಹೇಳಿದರು. ಅವರ ವ್ಯಾಪಾರದ ಬುದ್ಧಿ ಓಡತೊಡಗಿತ್ತು. "ಒಂದು ಮದುವೆ ಆದರೆ ನಾಲ್ಕು ಜನ ಕೇಳ್ತಾರೆ."

ಉಮರಬ್ಬ ಬ್ಯಾರಿಗೆ ಹಿಂದಿನ ಕುದುರೆಲಾಯದ ಮರ ಮಾತ್ರ ಸಿಕ್ಕಿತು. ಅವರು ಗೊಣಗಿದರು, ಆದರೂ ಮಾಡಿನ ಕೊಳೆತ ಪಕ್ಕಾಸುಗಳ ಬದಲಿಗೆ ತಾವೇ ಒಳ್ಳೆಯ ಮರ ಆರಿಸಿ ಕಳಿಸಿದರು.

ಡಾಲಿಯ ಮದುವೆಗೆ ಕುಶಲಾ ಶೆಡ್ತಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಬ್ಯಾಂಡು ಶುರುವಾಗಿ ಗಂಡು ಹೆಣ್ಣು ಕೈ ಹಿಡಿದು ಸುತ್ತಿದಾಗ ಅವರು ಕಣ್ಣು ಕೀಳಲಿಲ್ಲ. ಇಸಿದೋರ್ ತಟ್ಟೆಯಲ್ಲಿ ಏನೋ ತಂದು ಮುಂದಿಟ್ಟ. ಕಂದು ಬಣ್ಣದ್ದು, ಮುಟ್ಟಿದರೆ ನಡುಗುವಂಥದ್ದು.

"ಇದೆಂತ ಪೊರ್ಬುಗಳೇ?"

"ಪುಡ್ಡಿಂಗ್ ಅಮ್ಮ."

ಒಂದು ಚಮಚ ಬಾಯಿಗಿಟ್ಟುಕೊಂಡರು, ಇನ್ನೊಂದು ಚಮಚ ತೆಗೆದರು. "ಹಾಲು ಉಂಟು, ಮೊಟ್ಟೆ ಉಂಟು. ಈ ಕಹಿ ಸಿಹಿ ಎಲ್ಲಿಂದ ಬಂತು?"

"ಸಕ್ಕರೆ ಸುಡಬೇಕು. ಹೇಳಿದರೆ ತಿಳಿಯುವುದಿಲ್ಲ, ನೋಡಬೇಕು."

ಕುಶಲಾ ತಟ್ಟೆ ಕೆಳಗಿಟ್ಟು ಎದ್ದರು. "ಅಡುಗೆಮನೆ ಎಲ್ಲಿ? ಅದೊಂದು ನೋಡಲಿಕ್ಕೆ ಬಾಕಿ ಉಂಟು" ಎಂದು ಅವನ ಹಿಂದೆ ನಡೆದರು.