ಎದುರಾಳಿ ಇಲ್ಲದ ಚಾಂಪಿಯನ್

ಕಡ್ಡಿ ಅಂತ ಹೆಸರಿಟ್ಟಿದ್ದು ಅಜ್ಜಿ. ಹುಟ್ಟಿದಾಗಲೇ ಹುಡುಗಿ ಸಣಕಲು. ಹತ್ತು ವರ್ಷ ತುಂಬಿದರೂ ತಿಂದಿದ್ದು ಮೈಗೆ ಹತ್ತಲಿಲ್ಲ. ಗಾಳಿ ಜೋರಾಗಿ ಬೀಸಿದ ದಿನ ಅಜ್ಜಿ ಬಾಗಿಲಲ್ಲಿ ನಿಂತು, "ಬ್ಯಾಗಿಗೆ ಇನ್ನೆರಡು ಪುಸ್ತಕ ಹಾಕ್ಕೊಂಡು ಹೋಗೇ, ಹಾರಿ ಹೋಗ್ತೀಯ" ಅನ್ನುತ್ತಿದ್ದಳು.

ಕಡ್ಡಿಯ ಅಪ್ಪನದು ಕಪ್ಪಿನ ಅಂಗಡಿ. ಟೀ ಕಪ್ಪಲ್ಲ, ಗೆದ್ದವರಿಗೆ ಕೊಡುವ ಕಪ್ಪು. ಊರಲ್ಲಿ ಯಾರು ಎಲ್ಲಿ ಏನು ಗೆದ್ದರೂ ಆ ಗೆಲುವು ಮೊದಲು ಇವರ ಅಂಗಡಿಗೆ ರಟ್ಟಿನ ಡಬ್ಬದಲ್ಲಿ ಬಂದು, ಧೂಳು ಒರೆಸಿಕೊಂಡು, ಹೆಸರು ಕೆತ್ತಿಸಿಕೊಂಡು ಹೋಗಬೇಕಿತ್ತು. ದೂರದಿಂದ ಬಂಗಾರ, ಹತ್ತಿರ ಹೋದರೆ ಹಳದಿ ಪ್ಲಾಸ್ಟಿಕ್. ಇದು ಅಪ್ಪನಿಗೆ ಗೊತ್ತಿದ್ದಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಆದರೂ ತನ್ನ ಮನೆಯಲ್ಲಿ ಒಂದೇ ಒಂದು ಕಪ್ಪೂ ಇಲ್ಲವಲ್ಲ ಎಂಬ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಅಂಗಡಿಯಿಂದ ಒಂದು ತಂದಿಟ್ಟುಕೊಳ್ಳಬಹುದಿತ್ತು. ಅದು ಮೋಸ ಅಂತ ಅವನ ಅಭಿಪ್ರಾಯ.

ಒಂದು ಸಂಜೆ ಕರಾಟೆ ಮಾಸ್ಟರ್ ಕಪ್ಪುಗಳಿಗೆ ಆರ್ಡರ್ ಕೊಡಲು ಬಂದರು. ಅವರು ಎಲ್ಲಿಗೆ ಹೋದರೂ ಬಿಳಿ ಉಡುಪು, ಕಪ್ಪು ಬೆಲ್ಟು. ಬೆಲ್ಟಿನ ಮೇಲೆ ಹೊಟ್ಟೆ, ಕಿಟಕಿಯಿಂದ ಬಗ್ಗಿ ಬೀದಿ ನೋಡುವವರ ಹಾಗೆ ಹೊರಗೆ ಬಾಗಿತ್ತು. ಮೂಲೆಯಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದ ಕಡ್ಡಿ ಅವರ ಕಣ್ಣಿಗೆ ಬಿದ್ದಳು.

"ಮಗಳಾ? ಇಷ್ಟು ಸಣ್ಣಗಿದ್ದಾಳಲ್ಲ, ಸ್ಕೂಲಲ್ಲಿ ಯಾರಾದ್ರೂ ಹೊಡೆದ್ರೆ ಏನ್ಮಾಡ್ತಾಳೆ?"

"ನಂಗೆ ಯಾರೂ ಹೊಡೆಯಲ್ಲ" ಅಂದಳು ಕಡ್ಡಿ.

"ನೋಡಿ, ನೋಡಿ" ಮಾಸ್ಟರ್ ಅಪ್ಪನ ಕಡೆ ತಿರುಗಿದರು. "ಹೇಳ್ಕೊಳ್ಳೋಕೂ ಭಯ!"

ಅಪ್ಪನಿಗೆ ಅಷ್ಟೇ ಸಾಕಾಯಿತು. ಮಾರನೆಯ ದಿನವೇ ಕಡ್ಡಿ ಕರಾಟೆ ಸೇರಿದಳು.

ಕ್ಲಾಸು ನಡೆಯುತ್ತಿದ್ದುದು ಒಂದು ಫರ್ನಿಚರ್ ಅಂಗಡಿಯ ಮಹಡಿಯಲ್ಲಿ. ಮಾರಾಟವಾಗದ ಮಂಚಗಳನ್ನು ಗೋಡೆಗೆ ಒರಗಿಸಿ, ಮಧ್ಯೆ ನೀಲಿ ಚಾಪೆ ಹಾಸಿದ್ದರು. ಮಾಸ್ಟರ್ ಮೊದಲು ಶಿಸ್ತಿನ ಬಗ್ಗೆ ಮಾತಾಡುತ್ತಿದ್ದರು. ಮಾತಿನ ನಡುವೆ ಫೋನು ಬರುತ್ತಿತ್ತು. ಫೋನು ಮುಗಿಯುವ ತನಕ ಮಕ್ಕಳೆಲ್ಲ ಒಂದು ಕೈ ಮುಂದೆ ಚಾಚಿ, ಮಂಡಿ ಬಗ್ಗಿಸಿ, ಅಲುಗಾಡದೆ ನಿಂತಿರಬೇಕು. ಒಮ್ಮೊಮ್ಮೆ ಫೋನಿನಲ್ಲೇ ಕ್ಲಾಸು ಮುಗಿಯುತ್ತಿತ್ತು. "ಇವತ್ತು ತಾಳ್ಮೆ ಕಲಿತ್ರಿ" ಎಂದು ಹೇಳಿ ಮಕ್ಕಳನ್ನು ಮನೆಗೆ ಕಳಿಸುತ್ತಿದ್ದರು.

ಬೆಲ್ಟು ಮಾತ್ರ ಸರಾಗವಾಗಿ ಬರುತ್ತಿತ್ತು. ಬಿಳಿ ಹೋಗಿ ಹಳದಿ, ಹಳದಿ ಹೋಗಿ ಕಿತ್ತಳೆ. ಪರೀಕ್ಷೆಯಲ್ಲಿ ಫೇಲಾದವರು ಆ ಕ್ಲಾಸಿನ ಚರಿತ್ರೆಯಲ್ಲೇ ಇರಲಿಲ್ಲ. ಎಡಗಾಲು ಬಲಗಾಲು ಗೊತ್ತಾಗದ ಹುಡುಗನೊಬ್ಬ ಒದೆಯಲು ಹೋಗಿ ತಾನೇ ಬಿದ್ದರೂ, "ಬೀಳೋದ್ರಲ್ಲಿ ಒಳ್ಳೆ ಹಿಡಿತ ಇದೆ" ಎಂದು ಪಾಸು ಮಾಡಿದರು. ಫೇಲು ಮಾಡಿದರೆ ಮಕ್ಕಳ ಆತ್ಮವಿಶ್ವಾಸ ಕುಗ್ಗುತ್ತದಂತೆ. ಅಪ್ಪ ಅಮ್ಮಂದಿರ ಆತ್ಮವಿಶ್ವಾಸವಂತೂ ಕುಗ್ಗಿದರೆ ಬೇರೆ ಕ್ಲಾಸು ಹುಡುಕಿಕೊಂಡು ಹೋಗುತ್ತದೆ.

ಬೆಲ್ಟು ಮುಂದಕ್ಕೆ ಹೋಗದೆ ನಿಂತಿದ್ದುದು ಒಬ್ಬಳದೇ, ಕಂದು ಬೆಲ್ಟಿನ ಅಕ್ಕನದು. ಕಾಲೇಜು ಓದುವ ಹುಡುಗಿ. ಮಾಸ್ಟರ್ ಫೋನಿನಲ್ಲಿದ್ದಾಗ ಮಕ್ಕಳಿಗೆ ನಿಜವಾಗಿ ಕಲಿಸುತ್ತಿದ್ದವಳು ಅವಳೇ. ಅವಳಿಗೆ ಕಪ್ಪು ಬೆಲ್ಟು ಕೊಟ್ಟರೆ ಎದುರುಗಡೆ ಬೀದಿಯಲ್ಲಿ ಸ್ವಂತ ಕ್ಲಾಸು ತೆಗೆದಾಳು ಎಂದು ಮಾಸ್ಟರಿಗೆ ಒಳಗೇ ಪುಕುಪುಕು. ಅದಕ್ಕೇ, "ನಿನ್ನಲ್ಲಿ ಇನ್ನೂ ವಿನಯ ಬರಬೇಕಮ್ಮ" ಎಂದು ವರ್ಷವರ್ಷವೂ ಮುಂದಕ್ಕೆ ಹಾಕುತ್ತಿದ್ದರು.

ಮೊದಮೊದಲು ಕಡ್ಡಿ ಕ್ಲಾಸು ತಪ್ಪಿಸಲು ಹೊಟ್ಟೆನೋವು, ತಲೆನೋವು ಎಲ್ಲ ಹೂಡಿ ನೋಡಿದಳು. ಅಮ್ಮ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಯಾವ ನೋವು ಸುಳ್ಳು, ಯಾವುದು ನಿಜ ಎಂದು ಮುಖ ನೋಡಿಯೇ ಹೇಳುತ್ತಿದ್ದಳು. ಹಾಗಾಗಿ ಬೇರೆ ದಾರಿಯಿಲ್ಲದೆ ಹೋಗುತ್ತಿದ್ದ ಕಡ್ಡಿಗೆ ಒಂದು ದಿನ ಅಕ್ಕ ದಪ್ಪ ಪ್ಯಾಡು ಹಿಡಿದು, "ಗುದ್ದು" ಅಂದಳು. ಕಡ್ಡಿ ಗುದ್ದಿದಳು. ಪ್ಯಾಡಿಗೆ ಗೊತ್ತೇ ಆಗಲಿಲ್ಲ.

"ಕೈಯಿಂದ ಗುದ್ದಬೇಡ್ವೇ. ಹಿಂದಿನ ಕಾಲಿಂದ ಶುರುಮಾಡು. ಸೊಂಟ ತಿರುಗಲಿ. ಕೈ ಸುಮ್ನೆ ಅದರ ಹಿಂದೆ ಬರುತ್ತೆ."

ಎಷ್ಟೋ ಸಲ ಮಾಡಿದ ಮೇಲೆ, ಇನ್ನೇನು ಸಾಕಪ್ಪಾ ಅನ್ನುವಾಗ, ಒಂದು ಗುದ್ದು ಸರಿಯಾಗಿ ಬಿತ್ತು. ಅಕ್ಕ ಅರ್ಧ ಹೆಜ್ಜೆ ಹಿಂದೆ ಸರಿದಳು. ಇಷ್ಟು ದೊಡ್ಡ ಅಕ್ಕ, ತನ್ನಿಂದ! ಕಡ್ಡಿ ತನ್ನ ಮುಷ್ಟಿಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆವತ್ತಿನಿಂದ ಅವಳ ಹೊಟ್ಟೆನೋವು ನಿಂತುಹೋಯಿತು. ಮನೆಯಲ್ಲಿ ಪರದೆಗೆ ಗುದ್ದಿದಳು, ಸೋಫಾಕ್ಕೆ ಗುದ್ದಿದಳು, ಅಜ್ಜಿ ಮಲಗಿರುವಾಗಲೇ ಅವಳ ದಿಂಬಿಗೆ ಗುದ್ದಿ ಬೈಸಿಕೊಂಡಳು.

ಅಷ್ಟರಲ್ಲಿ ಪಂದ್ಯ ಬಂತು. ಮಾಸ್ಟರೂ ಪಕ್ಕದ ಬಡಾವಣೆಯ ಇನ್ನೊಬ್ಬ ಮಾಸ್ಟರೂ ಸೇರಿ ನಡೆಸುವ ಮಹಾ ಚಾಂಪಿಯನ್‌ಶಿಪ್. ಯಾವ ಮಗುವಿನ ಮನಸ್ಸೂ ನೋಯಬಾರದು ಅಂತ ವಯಸ್ಸು, ತೂಕ, ಬೆಲ್ಟು ನೋಡಿ ಮಕ್ಕಳನ್ನು ಎಷ್ಟು ಸಣ್ಣಗೆ ಹೆಚ್ಚಿದ್ದರೆಂದರೆ, ಕಡ್ಡಿಯ ಪಾಲಿಗೆ ಬಂದ ತುಂಡಿನಲ್ಲಿ ಕಡ್ಡಿ ಒಬ್ಬಳೇ ಇದ್ದಳು. ಹೆಸರು ಕರೆದರು. ಕಡ್ಡಿ ಚಾಪೆಗೆ ಇಳಿದು ಎದುರಿಗಿದ್ದ ಖಾಲಿ ಜಾಗಕ್ಕೆ ತಲೆಬಾಗಿ ನಿಂತಳು. ಖಾಲಿ ಜಾಗ ತಿರುಗಿ ತಲೆಬಾಗಲಿಲ್ಲ. ರೆಫರಿ ಬಂದು ಅವಳ ಕೈ ಹಿಡಿದು ಮೇಲಕ್ಕೆತ್ತಿದರು. ಚಿನ್ನ!

ಕೈಗೆ ಕೊಟ್ಟ ಕಪ್ಪನ್ನು ನೋಡಿ ಅವಳಿಗೆ ಮತ್ತೂ ಪೆಚ್ಚಾಯಿತು. ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಕಪ್ಪು. ಕಪ್ಪಿನ ಮೇಲೆ ಕೂರಿಸುವ ಕರಾಟೆ ಬೊಂಬೆಗಳು ಸಮಯಕ್ಕೆ ಬರದೆ, ಅಪ್ಪ ಉಳಿದಿದ್ದ ಫುಟ್‌ಬಾಲ್ ಆಟಗಾರರ ಬೊಂಬೆಗಳ ಕಾಲಿನಿಂದ ಚೆಂಡು ಗರಗಸದಲ್ಲಿ ಕೊಯ್ದು ಹಾಕಿದ್ದ. ಕೊಯ್ದ ಜಾಗಕ್ಕೆ ಬಂಗಾರದ ಬಣ್ಣ ಬಳಿದವಳು ಸ್ವತಃ ಕಡ್ಡಿ. ಆದರೆ ಗ್ಯಾಲರಿಯಲ್ಲಿ ಅಪ್ಪ ಎದ್ದು ನಿಂತು, ತಾನೇ ಕೆತ್ತಿದ ಕಪ್ಪನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದವನ ಹಾಗೆ ಕಣ್ಣೊರೆಸಿಕೊಳ್ಳುತ್ತಿದ್ದ.

ಆಮೇಲೆ ಕೆಲವು ದಿನ ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಡಿಯ ಮುಂದೆ ಮಗಳ ಫೋಟೋ ಹಾಕಿ, "ಎದುರಾಳಿಯೇ ಇಲ್ಲದ ಚಾಂಪಿಯನ್" ಎಂದು ಬ್ಯಾನರು ಕಟ್ಟಿಸಿದ. ಬ್ಯಾನರಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದೊಡ್ಡಮ್ಮ ಕೇಕು ತಂದಳು. ಅಲ್ಲಿಯವರೆಗೆ ಕರಾಟೆ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದ ಅಜ್ಜಿ, "ನನ್ನ ಮಗಳ ಮಗಳು, ನನ್ನ ರಕ್ತ ಅದು, ಸುಮ್ನೆ ಅಲ್ಲ" ಎಂದು ಪಾಲು ಕೇಳಿದಳು. ಸ್ಕೂಲಿನಲ್ಲಿ ಹೆಡ್‌ಮೇಡಂ ಎಲ್ಲರೆದುರು ಮೈಕು ಕೊಟ್ಟು, "ಹೇಗೆ ಗೆದ್ದೆ ಅಂತ ಹೇಳು ಮಗು" ಅಂದರು.

"ಮೇಡಂ, ನನ್ನೆದುರಿಗೆ ಯಾರೂ ಇರಲಿಲ್ಲ."

"ಆಹಾ, ಎಂಥ ಆತ್ಮವಿಶ್ವಾಸ!" ಚಪ್ಪಾಳೆ ಬಿತ್ತು.

"ಅಲ್ಲ ಮೇಡಂ, ನಾನು ಏನೂ ಮಾಡಲಿಲ್ಲ. ಸುಮ್ನೆ ನಿಂತಿದ್ದೆ."

"ಎಂಥ ವಿನಯ!" ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ಕಡ್ಡಿ ಮೈಕು ವಾಪಸು ಕೊಟ್ಟಳು. ಆವತ್ತಿನಿಂದ ಅವಳು ಅಂಗಡಿಯ ಮುಂದೆ ಹಾದುಹೋಗುವುದನ್ನೇ ಬಿಟ್ಟು, ಹಿಂದಿನ ಗಲ್ಲಿ ಸುತ್ತಿಕೊಂಡು ಮನೆಗೆ ಹೋಗತೊಡಗಿದಳು.

ಮುಂದಿನ ಪಂದ್ಯಕ್ಕೆ ಮುಂಚೆ ಅವಳು ಮಾಸ್ಟರ್ ಹತ್ತಿರ ಹೋದಳು. "ಸರ್, ಈ ಸಲ ನನ್ನನ್ನ ಯಾರಾದ್ರೂ ಇರೋ ಕಡೆ ಹಾಕಿ."

"ಯಾಕಮ್ಮ? ಚಿನ್ನ ಬೇಡ್ವಾ?"

"ಆಡಬೇಕು ಸರ್."

ಮಾಸ್ಟರ್ ಅವಳನ್ನು ಜ್ವರ ಬಂದವಳನ್ನು ನೋಡುವಂತೆ ನೋಡಿದರು. "ನಮ್ಮ ಕ್ಲಾಸು ಇವತ್ತಿನ ತನಕ ಸೋತಿಲ್ಲ. ಆಡಿದ್ರೆ ತಾನೇ ಸೋಲೋದು? ಹೋಗಿ ಅಭ್ಯಾಸ ಮಾಡು."

ಪಂದ್ಯದ ದಿನ ಮತ್ತೆ ಅದೇ ಖಾಲಿ ಜಾಗ, ಅದೇ ನಮಸ್ಕಾರ, ಅದೇ ಕೈ ಎತ್ತಾಟ. ಎರಡನೆಯ ಕಪ್ಪು ಹಿಡಿದುಕೊಂಡು ಕಡ್ಡಿ ನೀರು ಕುಡಿಯಲು ಹೊರಗೆ ನಲ್ಲಿಯ ಹತ್ತಿರ ಹೋದಾಗ, ಅಲ್ಲಿ ಇನ್ನೊಬ್ಬಳು ಕಪ್ಪನ್ನು ಕಂಕುಳಲ್ಲಿ ಇರುಕಿಕೊಂಡು ಮುಖ ಊದಿಸಿ ನಿಂತಿದ್ದಳು. ಪಕ್ಕದ ಬಡಾವಣೆಯ ಕ್ಲಾಸಿನವಳು. ಅಗಲವಾದ ಭುಜ, ಗುಂಡು ಮುಖ. ಅವಳ ಕಡೆಯವರು ಅವಳನ್ನು ಬಂಡೆ ಅಂತ ಕರೆಯುತ್ತಿದ್ದುದನ್ನು ಕಡ್ಡಿ ಕೇಳಿದ್ದಳು.

"ನೀನೂ ಒಬ್ಬಳೇನಾ?" ಕೇಳಿದಳು ಕಡ್ಡಿ.

"ಹೂಂ."

"ನಿನ್ನ ತೂಕದಲ್ಲಿ ಯಾರೂ ಇಲ್ವಾ?"

"ನನ್ನ ತೂಕದವರೆಲ್ಲ ಟೀಚರಾಗಿದ್ದಾರೆ" ಅಂದಳು ಬಂಡೆ.

ಇಬ್ಬರಿಗೂ ನಗು ಬಂತು. ನಕ್ಕು ಮುಗಿದ ಮೇಲೆ ಕಡ್ಡಿ, "ನಾವಿಬ್ರೂ ಆಡೋಣ್ವಾ?" ಅಂದಳು.

ಬಂಡೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮುರಿದು ಹೋಗ್ತೀಯ ಕಣೇ."

"ಮುರಿದ್ರೆ ನಮ್ಮಮ್ಮ ಔಷಧಿ ಅಂಗಡೀಲೇ ಇರೋದು."

ಇಬ್ಬರೂ ಹೋಗಿ ರೆಫರಿಯ ಮುಂದೆ ನಿಂತರು. ಅವರು ರಿಟೈರಾದ ಡ್ರಿಲ್ ಮೇಷ್ಟ್ರು. ಊಟದ ಬಿಡುವಿನಲ್ಲಿ ಕುರ್ಚಿಯಲ್ಲಿ ಒರಗಿ ಭುಜ ತಿಕ್ಕಿಕೊಳ್ಳುತ್ತಿದ್ದರು. ಮಾತು ಕೇಳಿ ನೆಟ್ಟಗೆ ಕೂತರು. "ನಿಜವಾಗ್ಲೂ ಆಡ್ತೀರಾ? ಬೆಳಿಗ್ಗೆಯಿಂದ ಬರೀ ಕೈ ಎತ್ತಿ ಎತ್ತಿ ನನ್ನ ರಟ್ಟೆ ಬಿದ್ದೋಗಿದೆ. ಆದ್ರೆ ಕೇಳಿ, ತಾಕಿದ್ರೆ ಪಾಯಿಂಟು, ಜೋರಾಗಿ ಹೊಡೆದ್ರೆ ಆಟದಿಂದ ಹೊರಗೆ. ತಲೆಗೆ, ಎದೆಗೆ ಕವಚ ಹಾಕ್ಕೊಳ್ಳಿ. ಮನೆಯವರು ಒಪ್ಪಬೇಕು."

ಸುದ್ದಿ ಹಬ್ಬಿ ಇಬ್ಬರು ಮಾಸ್ಟರೂ ಓಡಿಬಂದರು.

"ಸಾರ್, ನಮ್ಮ ಕ್ಲಾಸು ಇವತ್ತಿನ ತನಕ ಸೋತಿಲ್ಲ!"

"ನಮ್ಮದೂ ಸೋತಿಲ್ಲ ಸಾರ್!"

"ಹಾಗಾದ್ರೆ ಇವತ್ತು ಯಾವುದಾದ್ರೂ ಒಂದು ಸೋಲ್ಲಿ ಬಿಡಿ" ಅಂದರು ರೆಫರಿ.

ಅಪ್ಪ ಬೆವರಿಹೋದ. "ಬೇಡ ಪುಟ್ಟಾ, ಚಿನ್ನ ಬಂದಾಗಿದೆ, ಮನೆಗೆ ಹೋಗೋಣ." ಬಂಡೆಯ ಅಪ್ಪನೂ ತನ್ನ ಮಗಳಿಗೆ ಅದನ್ನೇ ಹೇಳುತ್ತಿದ್ದ. ಆವತ್ತು ರಜೆ ಹಾಕಿ ಬಂದಿದ್ದ ಅಮ್ಮ ಮಾತ್ರ ಕಡ್ಡಿಯ ಮುಖ ನೋಡಿದಳು. ಸುಳ್ಳು ಹೊಟ್ಟೆನೋವು ಕಂಡುಹಿಡಿಯುವ ಆ ಕಣ್ಣಿಗೆ ಅಲ್ಲಿ ಏನು ಕಂಡಿತೋ, ತಾನೇ ಬಗ್ಗಿ ಮಗಳ ತಲೆಯ ಕವಚದ ಪಟ್ಟಿ ಬಿಗಿದಳು.

ಮಾಸ್ಟರ್ ಫೋನು ಬಂತೆಂದು ಹೊರಗೆ ಹೋದರು. ಚಾಪೆಯ ಅಂಚಿಗೆ ಬಂದು ಕೂತವಳು ಕಂದು ಬೆಲ್ಟಿನ ಅಕ್ಕ. ಊಟಕ್ಕೆ ಹೋಗಿದ್ದ ಮಕ್ಕಳೆಲ್ಲ ಡಬ್ಬಿ ಹಿಡಿದುಕೊಂಡೇ ಓಡಿಬಂದು ಸುತ್ತ ನಿಂತರು.

ಕಡ್ಡಿ ತಲೆಬಾಗಿದಳು. ಎದುರಿನಿಂದ ಇನ್ನೊಂದು ತಲೆ ಬಾಗಿತು.

ಶುರುವಾದ ಕೂಡಲೇ ಬಂಡೆಯ ಕೈ ಎದೆಗೆ ತಾಕಿತು. ಪಾಯಿಂಟು. ಕಡ್ಡಿಗೆ ಬಂದಿದ್ದೂ ಕಾಣಲಿಲ್ಲ, ಹೋಗಿದ್ದೂ ಕಾಣಲಿಲ್ಲ. ಪರದೆ, ಸೋಫಾ, ದಿಂಬು ಯಾವುದೂ ಹೀಗೆ ಮಾಡಿರಲಿಲ್ಲ. ಮತ್ತೊಮ್ಮೆ ಕಾಲು ಬಂದು ಪಕ್ಕೆಗೆ ಸವರಿತು. ಬರೀ ಸವರಿದ್ದಕ್ಕೇ ಕಡ್ಡಿ ಆಯತಪ್ಪಿ ಕುಂಡೆ ಊರಿ ಕೂತಳು. ಸುತ್ತ ನಿಂತವರು "ಅಯ್ಯೋ" ಅಂದರು. ಅಪ್ಪ ಮುಖ ಮುಚ್ಚಿಕೊಂಡು, "ಸಾಕು, ಸಾಕು, ನಿಲ್ಸಿ" ಎಂದು ಕೂಗಿದ.

"ಏಳ್ತೀಯಾ?" ರೆಫರಿ ಕೇಳಿದರು.

ಕಡ್ಡಿ ಆಗಲೇ ಎದ್ದಿದ್ದಳು. ಅವಳಿಗೆ ಹೆದರಿಕೆಯಾಗಿತ್ತು, ಆದರೆ ಖಾಲಿ ಜಾಗದ ಮುಂದೆ ನಿಂತಾಗ ಆದಂಥ ನಾಚಿಕೆ ಒಂದು ಚೂರೂ ಇರಲಿಲ್ಲ. ಬಂಡೆ ಮುಂದೆ ಬಂದಾಗಲೆಲ್ಲ ಅವಳು ಪಕ್ಕಕ್ಕೆ ಸರಿದಳು. ಸರಿದೂ ಸರಿದೂ ಪೆಟ್ಟು ತಿಂದಳು. ತಿನ್ನುತ್ತಲೇ ಒಂದು ವಿಷಯ ಗಮನಿಸಿದಳು: ಬಂಡೆ ಹೊಡೆಯುವ ಮುಂಚೆ ತುಟಿ ಕಚ್ಚುತ್ತಾಳೆ.

ಬಂಡೆ ತುಟಿ ಕಚ್ಚಿದಳು. ಕಡ್ಡಿ ಪಕ್ಕಕ್ಕೆ ಜಾರಿ, ಹಿಂದಿನ ಕಾಲು ಒತ್ತಿ, ಸೊಂಟ ತಿರುಗಿಸಿದಳು. ಕೈ ತಾನಾಗಿ ಅದರ ಹಿಂದೆ ಬಂತು. ಬಂಡೆಯ ಕವಚದ ನಟ್ಟನಡುವೆ ಅವಳ ಮುಷ್ಟಿ ಕೂತಿತು.

ರೆಫರಿ ಬಾವುಟ ಎತ್ತಿದರು. ಬಂಡೆ ತನ್ನ ಎದೆ ನೋಡಿಕೊಂಡು, ಕಡ್ಡಿಯನ್ನು ನೋಡಿ, "ಏಯ್, ಸಖತ್!" ಅಂದಳು. ಆಮೇಲೆ ಇನ್ನೆರಡು ಪಾಯಿಂಟು ತೆಗೆದುಕೊಂಡು ಆಟ ಮುಗಿಸಿದಳು.

ಅಪ್ಪ ಕಡ್ಡಿಯನ್ನು ಕರೆದುಕೊಂಡು ಮನೆಗೆ ಹೊರಟ. ಮನೆ ಹತ್ತಿರ ಬಂದಾಗ, "ಯಾರಿಗೂ ಹೇಳೋದು ಬೇಡ" ಅಂದ. ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ದೊಡ್ಡಮ್ಮ ಫೋನು ಮಾಡಿ, ದನಿ ತಗ್ಗಿಸಿ, "ಧೈರ್ಯವಾಗಿರಿ" ಅಂದಳು. ಅಜ್ಜಿ ರಕ್ತದ ಪಾಲು ವಾಪಸು ತೆಗೆದುಕೊಂಡು, "ಅವರಪ್ಪನ ಕಡೆಯೋರು ಎಲ್ಲಾ ಹೀಗೇ" ಎಂದು ಗೊಣಗಿದಳು. ಮಾಸ್ಟರ್ ಎಲ್ಲ ಪೋಷಕರಿಗೂ, ಊಟದ ಬಿಡುವಿನಲ್ಲಿ ಆದದ್ದು ಲೆಕ್ಕಕ್ಕಿಲ್ಲ, ಕ್ಲಾಸು ಈಗಲೂ ಸೋತಿಲ್ಲ ಎಂದು ಮೆಸೇಜು ಕಳಿಸಿದರು. ಇಡೀ ಮನೆಗೆ ಸೂತಕ ಹಿಡಿದ ಹಾಗಿತ್ತು. ಸೋತವಳು ಮಾತ್ರ ಅಡುಗೆಮನೆಯಲ್ಲಿ ಪಕ್ಕೆಗೆ ಮುಲಾಮು ಹಚ್ಚಿಸಿಕೊಳ್ಳುತ್ತ, ಆ ಒಂದು ಗುದ್ದಿನ ಕತೆಯನ್ನು ಅಮ್ಮನಿಗೆ ಮತ್ತೆ ಮತ್ತೆ ಹೇಳುತ್ತಿದ್ದಳು.

ಅಪ್ಪ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಆಮೇಲೆ ಒಳಗೆ ಬಂದು, "ಅದು... ಹೇಗೆ ಹೊಡೆದೆ? ನಂಗೆ ಸರಿಯಾಗಿ ಕಾಣಿಸ್ಲಿಲ್ಲ" ಅಂದ.

"ಕಣ್ಣು ಮುಚ್ಕೊಂಡಿದ್ರೆ ಹೇಗೆ ಕಾಣುತ್ತೆ?" ಅಂದಳು ಅಮ್ಮ.

"ಬಾಪ್ಪಾ, ನೀನು ಬಂಡೆ ಆಗು" ಕಡ್ಡಿ ಸ್ಟೂಲಿನಿಂದ ಜಿಗಿದಳು. "ಹಾಗಲ್ಲ, ಕೈ ಎತ್ತು. ತುಟಿ ಕಚ್ಚು. ಈಗ ನನ್ನನ್ನ ಹೊಡೆಯೋಕೆ ಬಾ."

ಕಪ್ಪಿನ ಅಂಗಡಿಯವನು ತುಟಿ ಕಚ್ಚಿಕೊಂಡು, ಅನುಮಾನಿಸುತ್ತ ಒಂದು ಹೆಜ್ಜೆ ಮುಂದಿಟ್ಟ. ಮರುಕ್ಷಣ ಹೊಟ್ಟೆ ಹಿಡಿದುಕೊಂಡು ಫ್ರಿಜ್ಜಿಗೆ ಒರಗಿದ.

"ಅಬ್ಬಾ!" ಅವನ ಮುಖದ ಮೇಲೆ ನೋವು, ಆಶ್ಚರ್ಯ ಎರಡೂ ಇದ್ದವು. "ಏ, ನಿಜವಾಗ್ಲೂ ಬರುತ್ತಲ್ಲೇ ನಿಂಗೆ!"

ಮುಂದಿನ ಭಾನುವಾರ ಬಂಡೆ ಇವರ ಮನೆಗೆ ಬಂದಳು. ಮನೆಯ ಮಹಡಿಯ ಮೇಲೆ ಇಬ್ಬರಿಗೂ ಕಲಿಸಲು ಕಂದು ಬೆಲ್ಟಿನ ಅಕ್ಕ ಒಪ್ಪಿದ್ದಳು. ಕಪ್ಪು ಬೆಲ್ಟಿನ ಆಸೆ ಬಿಟ್ಟಿದ್ದ ಅವಳಿಗೆ ಈಗ ಮಾಸ್ಟರ್ ಹೇಳುವ ವಿನಯದ ಹಂಗಿರಲಿಲ್ಲ. ಬಾಗಿಲು ತೆಗೆದ ಅಜ್ಜಿ ಬಂಡೆಯನ್ನು ನೋಡಿದಳು, ತಿರುಗಿ ಮೊಮ್ಮಗಳನ್ನು ನೋಡಿದಳು, ಮತ್ತೆ ಬಂಡೆಯನ್ನು ನೋಡಿದಳು.

"ಇವಳ ಕೈಯಲ್ಲಾ ನೀನು ಸೋತಿದ್ದು? ಇವಳಿಗೆ ನೀನು ಒಂದು ಹೊಡೆದ್ಯಾ?"

"ಹೊಡೆದ್ಲು ಅಜ್ಜಿ, ಚೆನ್ನಾಗೇ ಹೊಡೆದ್ಲು" ಅಂದಳು ಬಂಡೆ.

ಇಬ್ಬರೂ ಧಡಧಡ ಮೆಟ್ಟಿಲು ಹತ್ತಿದ ಮೇಲೆ, ಅಜ್ಜಿ ಒಂದು ಕುರ್ಚಿ ಎಳೆದುಕೊಂಡು ತಾನೂ ನಿಧಾನಕ್ಕೆ ಮಹಡಿಗೆ ಹೊರಟಳು.