ಹಾರಿಸಿ ಓದುತ್ತಿದ್ದ ಸಾಲು

ಕೇಪ್ ಕಾಡ್ ಕಡೆಯ ಆ ಪುಟ್ಟ ಊರಿನಲ್ಲಿ ಪ್ರತಿ ನವೆಂಬರಿಗೂ ಲೈಬ್ರರಿಯವರು ಕಡಲು ದಾಟಿ ಬಂದು ಊರು ಕಟ್ಟಿದವರ ಹಳೆಯ ದಿನಚರಿಯ ಅದೇ ಒಂದು ಪುಟವನ್ನು ಜನರೆದುರು ಓದಿಸುತ್ತಾರೆ. ನಲವತ್ತು ವರ್ಷದಿಂದ ಓದುತ್ತಿದ್ದವರು ಹಳೇ ಮನೆತನದ ಮಿಸೆಸ್ ಹ್ಯಾಥವೇ. ಈ ಸಲ ಅವರಿಗೆ ಕಣ್ಣಿನ ಆಪರೇಷನ್ ಆಯಿತು. ಅಲ್ಲೇ ನೆಲ ಒರೆಸುತ್ತಿದ್ದ ಇಲ್ಡಾ ಮೊಂಟೈರೊ, "ನಾನು ಓದ್ಲಾ?" ಅಂದುಬಿಟ್ಟಳು.

"ಮುನ್ನೂರೈವತ್ತು ವರ್ಷದ ಹಿಂದಿನ ಭಾಷೆ ಇಲ್ಡಾ, ನಾಲಿಗೆ ಹೊರಳಲ್ಲ. ಯಾರಾದ್ರೂ ಅರ್ಥ ಕೇಳಿದ್ರೆ?" ಎಂದರು ಲೈಬ್ರರಿಯವರು.

"ಕೇಳ್ಲಿ ಬಿಡಿ."

ಅಂದಿದ್ದೇನೋ ಅಂದಳು, ಒಳಗೆ ಅಳುಕು ಇದ್ದೇ ಇತ್ತು. ಹನ್ನೆರಡನೇ ವಯಸ್ಸಿಗೇ ಶಾಲೆ ಬಿಟ್ಟು ಕ್ರ್ಯಾನ್‌ಬೆರಿ ಹಣ್ಣಿನ ಗದ್ದೆಗೆ ಕೂಲಿಗೆ ಇಳಿದವಳು ಅವಳು. ತಾನು ತಡವರಿಸಿದರೆ, ಕೇಪ್ ವರ್ಡೆ ದ್ವೀಪಗಳಿಂದ ಬಂದ ತನ್ನ ಜನರಲ್ಲಿ ಇನ್ನೊಬ್ಬರನ್ನು ಆ ಓದುವ ಮೇಜಿನ ಹತ್ತಿರ ಸೇರಿಸುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೂರು ವಾರ ಫ್ರಿಜ್ಜಿನ ಬಾಗಿಲ ತುಂಬ ಹಳೆಯ ಪದಗಳ ಚೀಟಿ. ಮೊಮ್ಮಗಳು ನೇಯಾ ಅಜ್ಜಿಗೆ ಪರೀಕ್ಷೆ ಇಟ್ಟಳು.

"ಏಗ್ಯೂ ಅಂದ್ರೆ?"

"ಚಳಿಜ್ವರ. ನಿಮ್ಮಜ್ಜಂಗೆ ಬಂದು ಹಲ್ಲು ಕಟಕಟ ಅಂತಿತ್ತಲ್ಲ, ಅದೇ."

"ಶ್ಯಾಲಪ್?"

"ಮೊಣಕಾಲುದ್ದ ನೀರಲ್ಲೂ ಹೋಗೋ ದೋಣಿ."

"ಅಜ್ಜಿ, ನಮ್ಮ ಟೀಚರ್‌ಗೆ ನೀನೇ ಪಾಠ ಮಾಡು ಬಾ!"

"ತಲೆಹರಟೆ ಸಾಕು. ಮುಂದಿನ ಚೀಟಿ ತೆಗಿ."

ಓದುವ ದಿನ ಮಿಸೆಸ್ ಹ್ಯಾಥವೇ ಮುಂದಿನ ಸಾಲಿನಲ್ಲೇ ಕೂತಿದ್ದರು. ಇಲ್ಡಾ ಜ್ವರ ದಾಟಿದಳು, ದೋಣಿ ದಾಟಿದಳು. ಕೊನೆಗೆ ನಾಲ್ಕು ದಿನ ತಿಣುಕಾಡಿ ಕಲಿತಿದ್ದ ಸಾಲಿಗೆ ಬಂದು, ಒಂದು ಪದವನ್ನೂ ಬಿಡದೆ ಓದಿದಳು: ಈ ನೆಲದ ಜನ ಮೆಕ್ಕೆಜೋಳ, ಮೀನು ತಂದು ನಮಗೆ ಸಕರ್ ನೀಡದಿದ್ದರೆ ವಸಂತದ ಹೊತ್ತಿಗೆ ನಮ್ಮಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ.

ಸಭೆಯಲ್ಲಿ ಗುಜುಗುಜು. ವರ್ಷಾವರ್ಷ ಬರುವವರೂ ಈ ಸಾಲು ಕೇಳಿರಲಿಲ್ಲ.

"ಸಕರ್ ಅಂದ್ರೇನು?" ಹಿಂದಿನಿಂದ ಯಾರೋ ಕೂಗಿದರು.

"ಆಪತ್ತಿಗೆ ಆಗೋದು," ಅಂದಳು ಇಲ್ಡಾ. "ಕರೀದಿದ್ರೂ ಬಂದು ಬಾಗಿಲಲ್ಲಿ ನಿಲ್ಲೋದು."

ಮಿಸೆಸ್ ಹ್ಯಾಥವೇ ಕೋಲೂರಿ ಎದ್ದರು. ಈಗ ಮಂಗಳಾರತಿ ಎಂದುಕೊಂಡಳು ಇಲ್ಡಾ.

"ನಲವತ್ತು ವರ್ಷ ಆ ಸಾಲು ಹಾರಿಸ್ದೆ ಕಣಮ್ಮ," ಎಂದರು ಅವರು, ಎಲ್ಲರಿಗೂ ಕೇಳುವಂತೆ. "ಓದೋಕೆ ಬರ್ತಿರ್ಲಿಲ್ಲ. ಯಾರನ್ನಾದ್ರೂ ಕೇಳೋಕೆ ನಾಚಿಕೆ. ಇನ್ನೊಂದ್ಸಲ ಓದ್ತೀಯಾ? ನಾನೂ ಕಲೀತೀನಿ."

ಇಲ್ಡಾಳ ಎದೆ ಹೆಮ್ಮೆಯಿಂದ ಉಬ್ಬಿತು.

"ನಿಂತ್ಕೊಂಡು ಯಾಕೆ ಕಲೀತೀರಿ," ಅಂದಳು, "ಕೂತ್ಕೊಳ್ಳಿ. ನಿಧಾನಕ್ಕೆ ಓದ್ತೀನಿ."