ಶಾಫ್ಟಿನ ಮೇಲಿನ ಬಿಳಿ ಗೆರೆ

ಲೇತಿನ ಬಾಯಿಂದ ಉಕ್ಕಿನ ಸುರುಳಿ ಬಿಸಿಬಿಸಿಯಾಗಿ ಬೀಳುತ್ತಿದೆ, ನೀಲಿಗೆ ತಿರುಗಿ, ಸುತ್ತಿ ಸುತ್ತಿ ನೆಲಕ್ಕೆ — ಸುತ್ತಿಕೊಂಡ ಯಾವುದನ್ನೂ ನೋಡಬಾರದು ಅಂತ ಡಾರಿನ್ ಎಷ್ಟು ಸಲ ಅಂದುಕೊಂಡಿದ್ದಾನೆ, ಆದರೆ ಈ ಕಸುಬಿನಲ್ಲಿ ಸುತ್ತದೇ ಇರುವುದು ಯಾವುದಿದೆ, ಹಳೇ ಲಾರಿಯ ಹಿಂದಿನ ಆಕ್ಸಲ್ ತಂದು ಎರಡೂ ಕಡೆ ಕೊಯ್ದು ಗಿಡ್ಡ ಮಾಡಿದ್ದು ಇವನೇ, ಎರಡು ಚಕ್ರವೂ ಒಂದೇ ಸಮ ತಿರುಗುವ ಹಾಗೆ ನಡುವಿನ ಗೇರಿಗೆ ಬೀಗ ಬಿಗಿದದ್ದೂ ಇವನೇ, ಅಷ್ಟಕ್ಕೇ ನಿಲ್ಲಿಸಿದ್ದರೆ, ಆದರೆ ಚಕ್ರ ತಿರುಗಿಸುವ ಉಕ್ಕಿನ ಶಾಫ್ಟನ್ನೂ ನಾನೇ ಮಾಡ್ತೀನಿ ಅಂದ, ಬೇಡ ಕಣೋ, ಶಾಫ್ಟ್ ಬಲ್ಲವರ ಹತ್ರ ತರಿಸೋಣ ಅಂದಳು ಅಕ್ಕ ಲೊರೀನ್, ಭಾರ ಎಳೆಯುವ ಪಂದ್ಯದಲ್ಲಿ ಗಾಡಿ ಓಡಿಸುವವಳು ಅವಳು, ಹೌದು ನಾನು ಹತ್ತನೇ ಕ್ಲಾಸಿಗೇ ಬಿಟ್ಟವನು, ನನಗೇನು ಗೊತ್ತು ಅಂತ ಇವನು ಸ್ಪ್ಯಾನರ್ ಗೋಡೆಗೆ ಬೀಸಿದ, ಅವಳು ಒಪ್ಪಿಬಿಟ್ಟಳು, ಒಪ್ಪಬಾರದಿತ್ತು, ಎರಡು ಬಿಟ್ಟು ಕೂರಿಸಬೇಕಿತ್ತು.

ಗೆರೆ ಎಳೆಯುವುದನ್ನು ಕಲಿಸಿದವಳೂ ಅವಳೇ. ಹೊಸ ಶಾಫ್ಟಿನ ಮೇಲೆ ಈ ತುದಿಯಿಂದ ಆ ತುದಿಗೆ ಬಿಳಿ ಬಣ್ಣದ ಒಂದು ಗೆರೆ, ಪ್ರತಿ ಎಳೆತದ ನಂತರ ಶಾಫ್ಟ್ ಹೊರಗೆಳೆದು ನೋಡು, ಗೆರೆ ನೆಟ್ಟಗಿದ್ದರೆ ಉಕ್ಕು ತಿರುಚಿಲ್ಲ, ಓರೆಯಾದರೆ ಎಸೆದುಬಿಡು, ಎರಡನೇ ಮಾತಿಲ್ಲ ಅನ್ನುತ್ತಿದ್ದಳು — ಹೋದ ವರ್ಷ ಆಗಸ್ಟ್ ತಿಂಗಳು, ಕೌಂಟಿ ಜಾತ್ರೆಯ ಮೈದಾನ, ಅತ್ತ ಹಂದಿಮಾಂಸ ಸುಡುವ ಹೊಗೆ, ಇತ್ತ ಡೀಸೆಲ್ ಹೊಗೆ, ಭಾರದ ಬಂಡಿಯನ್ನು ಪೂರಾ ಮುನ್ನೂರು ಅಡಿ ಎಳೆದವರು ಇಬ್ಬರೇ, ಲೊರೀನ್ ಮತ್ತು ಇಂಡಿಯಾನಾದಿಂದ ಬಂದವನೊಬ್ಬ, ಗೆದ್ದವರು ಯಾರು ಅಂತ ತೀರ್ಮಾನಿಸಲು ಅರ್ಧ ಗಂಟೆಯಲ್ಲಿ ಇಬ್ಬರೂ ಮತ್ತೊಮ್ಮೆ ಎಳೆಯಬೇಕು, ಡಾರಿನ್ ಬಲಗಡೆಯ ಶಾಫ್ಟ್ ಹೊರಗೆಳೆದ, ಗೆರೆ ಕೋಲಿಗೆ ಹಬ್ಬಿದ ಹುರುಳಿಕಾಯಿ ಬಳ್ಳಿಯ ಹಾಗೆ ಕಾಲು ಸುತ್ತು ಸುತ್ತಿಕೊಂಡಿತ್ತು. ಬದಲಿ ಶಾಫ್ಟ್ ಇರಲಿಲ್ಲ. ನನ್ನ ಶಾಫ್ಟಿಗೆ ಬದಲಿ ಯಾಕೆ ಅಂತ ಮಾಡಿರಲೇ ಇಲ್ಲ. ಹಾಗಾದರೆ ಅಕ್ಕ ಹೇಳಿದ್ದೇ ಸರಿ ಅಂತಾಯಿತು, ಎಲ್ಲರೆದುರು, ಛೆ — ಬಣ್ಣ ಕರಗಿಸುವ ಥಿನ್ನರು, ಹಳೇ ಬನಿಯನ್ನಿನ ಚೂರು, ಒಂದೇ ಒರೆಸಿಗೆ ಓರೆ ಗೆರೆ ಮಾಯ, ಅದರ ಮೇಲೆ ಹೊಸದು, ಎಷ್ಟು ಚೆಂದ ಎಳೆದಿದ್ದ, ಉಸಿರು ಹಿಡಿದು, ಜನ್ಮದಲ್ಲಿ ಅಷ್ಟು ನೆಟ್ಟಗೆ ಏನನ್ನೂ ಬರೆದವನಲ್ಲ. ಹೆಲ್ಮೆಟ್ಟಿನೊಳಗಿಂದ ಅವಳು, ಗೆರೆ ಹೆಂಗಿದೆಯೋ? ನೆಟ್ಟಗಿದೆ. ಬಣ್ಣ ಇನ್ನೂ ಆರಿರಲಿಲ್ಲ.

ಗಾಡಿ ಇನ್ನೂರು ಅಡಿ ದಾಟಿತ್ತು, ಮರ ಸೀಳಿದಂಥ ಸದ್ದು, ಬಲಚಕ್ರ ಸತ್ತಿತು, ಎಡಚಕ್ರ ಒಂದೇ ಗಾಡಿಯನ್ನು ತಿರುಗಿಸಿ ಕಾಂಕ್ರೀಟ್ ಗೋಡೆಗೆ — ಅವಳ ಬಲಗೈ ಈಗ ಲೋಟ ಹಿಡಿಯುವುದಿಲ್ಲ, ಬೆರಳು ಮಡಚುವುದಿಲ್ಲ. ಉಕ್ಕು ಅಂದಮೇಲೆ ಮುರಿಯತ್ತೆ, ನಾನೇ ಆಕ್ಸಿಲರೇಟರಿಂದ ಕಾಲು ತೆಗೆಯೋದು ತಡ ಮಾಡ್ದೆ ಅಂತ ಅವಳು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ, ಹೇಳಲಿ ಅಂತ ಇವನು ಬಿಟ್ಟಿದ್ದಾನೆ. ಮುರಿದ ಎರಡು ತುಂಡನ್ನೂ ಹೊಲದ ಹಿಂದಿನ ಕೆರೆಗೆ ಎಸೆದವನೂ ಇವನೇ. ಆಮೇಲೊಂದು ದಿನ ಸ್ಯಾಂಡ್‌ವಿಚ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಊರಿನವನೇ ವೆಂಡೆಲ್, ಹೆಂಗಸಿನ ಕೈಗೆ ಕೊಟ್ರೆ ಇನ್ನೇನಾಗತ್ತೆ, ಹೊಲಿಗೆ ಮಿಷನ್ ಕೊಡಿಸಪ್ಪ ನಿಮ್ಮಕ್ಕನಿಗೆ ಅಂದ, ಅವನ ತುಟಿ ಒಡೆದು ರಕ್ತ ಬರಿಸಿದ ಡಾರಿನ್, ತಮ್ಮ ಅಂದ್ರೆ ಇವನು ನೋಡು ಅಂದರು ಜನ, ಬೆನ್ನು ತಟ್ಟಿದರು, ಆ ಬೆನ್ನು ಇವತ್ತಿಗೂ ಉರಿಯುತ್ತದೆ, ಒಡೆಯಬೇಕಾಗಿದ್ದ ತುಟಿ ಯಾರದು ಅಂತ ಅವನೊಬ್ಬನಿಗೇ ಗೊತ್ತು.

ಬಾಗಿಲು ಕಿರ್ ಅಂತು, ಲೊರೀನ್, ಎಡಗೈಯಲ್ಲಿ ಕಾಫಿ, ತಗೋ, ಸಕ್ಕರೆ ಜಾಸ್ತಿ ಆಗಿದೆ, ಎಡಗೈಗೆ ಇನ್ನೂ ಅಳತೆ ಗೊತ್ತಿಲ್ಲ ಅಂತ ನಗುತ್ತಾಳೆ, ಇವನು ಲೇತು ನಿಲ್ಲಿಸಿದ, ಅವಳು ಅಂದಳು, ಸ್ಟೀರಿಂಗಿಗೆ ಹಿಡಿಯೋಕೆ ಒಂದು ಗುಬಟು ಹಾಕಿದ್ರೆ ಒಂದೇ ಕೈಲೂ ಓಡಿಸಬಹುದು ಅಂದ್ರು ಡಾಕ್ಟ್ರು, ಆದ್ರೆ ಬೇಡ ಡಾರಿನ್, ಕೈ ಅಲ್ಲ ಕಣೋ, ನನ್ನ ಮೇಲೇ ನನಗೆ ನಂಬಿಕೆ ಹೋಗಿದೆ, ಈ ಬೇಸಿಗೆಯಿಂದ ನೀನೇ ಕೂತ್ಕೋ. ಈಗ ಹೇಳು, ಈಗಲೇ, ಒಂದು ಮಾತು, ನೀನು ಕಾಲು ತೆಗೆದದ್ದು ತಡ ಆಗಿರಲಿಲ್ಲ ಲೊರೀನ್ ಅಂತ, ಅಷ್ಟು ಹೇಳಿದರೆ ಅವಳು ಮತ್ತೆ ಹತ್ತಿ ಕೂರುತ್ತಾಳೆ, ಇವನು ಕಾಫಿ ಗುಟುಕರಿಸುತ್ತಾನೆ, ಸಿಹಿ, ತೀರಾ ಸಿಹಿ — ಗೆರೆ ಮಾತ್ರ ನಾನೇ ಎಳೀತೀನಿ ಅಂತ ಅವಳು ಬಣ್ಣದ ಡಬ್ಬಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ಮುಚ್ಚಳ ತೆಗೆಯುತ್ತಾಳೆ, ಕುಂಚ ಎಡಗೈಯಲ್ಲಿ, ಹೊಸ ಶಾಫ್ಟಿನ ಮೇಲೆ ನಿಧಾನ, ನಾಲಿಗೆ ಕಚ್ಚಿಕೊಂಡು, ನಡುವಿಗೆ ಬರುವಾಗ ಗೆರೆ ವಾಲುತ್ತದೆ, ತುದಿ ಮುಟ್ಟುತ್ತದೆ. ನೋಡೋ, ನೆಟ್ಟಗಿದೆಯಾ? ನೀನು ಹೇಳಿದ್ರೆ ಮುಗೀತು, ಅವತ್ತೂ ನಿನ್ನ ಮಾತಿನ ಮೇಲೇ ತಾನೇ ನಾನು ಹತ್ತಿದ್ದು. ಬಾಯಿ ತೆರೆದ, ನಿಜವೇ ಬಂತು ಅಂದುಕೊಂಡ, ಬಂದದ್ದು ಅದೇ ಮಾತು, ನೆಟ್ಟಗಿದೆ — ಬಿಳಿ ಗೆರೆ, ಹಸಿ ಹಸಿ, ಈ ತುದಿಯಿಂದ ಹೊರಟು, ನಡುವಲ್ಲಿ ವಾಲಿ, ಬಿಳಿ ಗೆರೆ —